ಪ್ರಿಂಟರ್ ಪೋರ್ಟ್ ಆನ್ ಇದ್ದರೆ ಸೌಂಡ್ ಕಾರ್ಡ್ ಒಮ್ಮೆ ಬರುತ್ತದೆ, ಒಮ್ಮೆ ಬರಲ್ಲ (ಲಿನಕ್ಸ್, ಐಎಸ್‌ಎ ಕಾರ್ಡ್)

ಕಾರ್ಬನ್_ಕಾಪಿ:

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಪೆಂಟಿಯಮ್ 3 ಮೆಷಿನ್ ಇದೆ, 32 ಬಿಟ್ ಲಿನಕ್ಸ್ ಓಡುತ್ತಿದೆ. ಪ್ಯಾರಲಲ್ ಪೋರ್ಟ್‌ನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಐಎಸ್‌ಎ ಸ್ಲಾಟ್‌ನಲ್ಲಿ (ಹಳೇ ಕಾಲದ ಆಡ್‌-ಆನ್ ಕಾರ್ಡ್ ಸ್ಲಾಟ್) ಸೌಂಡ್ ಬ್ಲಾಸ್ಟರ್ 16ಕ್ಕೆ ಹೊಂದುವ, ಜಂಪರ್ (ಪಿನ್ ಮೇಲೆ ಕೂರಿಸಿ ಸೆಟ್ಟಿಂಗ್ ಬದಲಾಯಿಸುವ ಪುಟ್ಟ ತುಂಡು) ಇರುವ ಕಾರ್ಡ್. "ಹೊಸ ಮೆಷಿನ್ ತಗೊಳ್ಳಿ" ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನನಗೆ ಕಾರ್ಬನ್ ಪ್ರತಿಗಳು ಬೇಕು, ಅದಕ್ಕೆ ಬಡಿಯುವ ಪ್ರಿಂಟರೇ ಆಗಬೇಕು. ಹೊಸ ಕೆಲಸ ಬಂದಾಗ ಈ ಮೆಷಿನ್ ಸದ್ದು ಮಾಡಿ ಎಚ್ಚರಿಸಬೇಕು, ಅದಕ್ಕೆ ಸೌಂಡ್ ಕಾರ್ಡ್.

ಸಮಸ್ಯೆ ಹೀಗಿದೆ. ಕೆಲವು ಸಲ ಬೂಟ್ ಆದಾಗ ಸದ್ದು ಸರಿಯಾಗಿ ಬರುತ್ತದೆ. ಕೆಲವು ಸಲ ಸೌಂಡ್ ಕಾರ್ಡೇ ಇಲ್ಲ ಅನ್ನುತ್ತದೆ. ನಾನೇನೂ ಬದಲಾಯಿಸಿರುವುದಿಲ್ಲ. ಪ್ರಿಂಟರ್ ಕೇಬಲ್ ಕಿತ್ತು ನೋಡಿದೆ, ವ್ಯತ್ಯಾಸ ಇಲ್ಲ. ಆದರೆ ಬಯಾಸ್‌ನಲ್ಲಿ ಪ್ಯಾರಲಲ್ ಪೋರ್ಟ್ ಡಿಸೇಬಲ್ ಮಾಡಿದರೆ ಪ್ರತಿ ಸಲವೂ ಸದ್ದು ಬರುತ್ತದೆ. ಆಗ ಪ್ರಿಂಟರ್ ಇಲ್ಲ! ಎರಡೂ ಒಟ್ಟಿಗೆ ಬೇಕಂದ್ರೆ ಏನು ಮಾಡಬೇಕು?

ರಾತ್ರಿಪಾಳಿ:

ಕಪ್ಸ್ (ಪ್ರಿಂಟ್ ವ್ಯವಸ್ಥೆ) ಮತ್ತು ಆಲ್ಸಾ (ಸೌಂಡ್ ವ್ಯವಸ್ಥೆ) ಎರಡನ್ನೂ ತೆಗೆದು ಮತ್ತೆ ಹಾಕಿ ನೋಡಿದಿರಾ? ಪ್ರಿಂಟರ್ ಡ್ರೈವರ್ ಬದಲಾಯಿಸಿ ನೋಡಬಹುದು. ನನಗೆ ಇಂಥ ವಿಚಿತ್ರ ತೊಂದರೆಗಳೆಲ್ಲ ರೀಇನ್‌ಸ್ಟಾಲ್‌ನಲ್ಲೇ ಸರಿಹೋಗಿವೆ.

ಜಂಪರ್_ಮಾಮ:

ರೀಇನ್‌ಸ್ಟಾಲ್ ಬೇಡ. ಕಪ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಕೇಬಲ್ ಕಿತ್ತರೂ ಅದೇ ಕಥೆ, ಪೋರ್ಟ್ ಆಫ್ ಮಾಡಿದರೆ ಸರಿ ಅಂದ್ರೆ ಜಗಳ ಇರುವುದು ಪ್ರಿಂಟರ್ ಜೊತೆ ಅಲ್ಲ, ಪೋರ್ಟ್ ಜೊತೆ. ಕೇಬಲ್‌ನ ಆ ತುದಿಯಲ್ಲಿ ಯಾವ ಕಂಪನಿಯ ಪ್ರಿಂಟರ್ ಇದೆ, ಅದಕ್ಕೆ ಯಾವ ಡ್ರೈವರ್ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರಲ್ಲ.

ಕಾರ್ಬನ್ ಅವರೇ, ಎರಡು ಸಲ ಮಾಹಿತಿ ಬೇಕು. ಸದ್ದು ಬಂದ ಬೂಟ್‌ನಲ್ಲಿ ಒಮ್ಮೆ, ಬಾರದ ಬೂಟ್‌ನಲ್ಲಿ ಒಮ್ಮೆ. ಪ್ರೋಕ್ ಫೋಲ್ಡರ್ ಒಳಗಿನ ಇಂಟರಪ್ಟ್ಸ್, ಐಓಪೋರ್ಟ್ಸ್, ಡಿಎಂಎ ಈ ಮೂರು ಫೈಲ್‌ಗಳನ್ನು ಕ್ಯಾಟ್ ಮಾಡಿ. (ಇಂಟರಪ್ಟ್ ಅಂದ್ರೆ ಸಾಧನ ಸಿಪಿಯುವನ್ನು ಕರೆಯುವ ಸಂಕೇತ, ಅದರ ಲೈನ್ ನಂಬರೇ ಐಆರ್‌ಕ್ಯು. ಡಿಎಂಎ ಅಂದ್ರೆ ಸಿಪಿಯು ನಡುವೆ ಬಾರದೆ ಡೇಟಾ ಸಾಗಿಸುವ ದಾರಿ.) ಜೊತೆಗೆ ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಪಾರ್‌ಪೋರ್ಟ್ (ಪ್ಯಾರಲಲ್ ಪೋರ್ಟ್ ಡ್ರೈವರ್) ಮತ್ತು ಎಸ್‌ಬಿ16 (ಸೌಂಡ್ ಡ್ರೈವರ್) ಅಂತ ಇರುವ ಸಾಲುಗಳು. ಒಂದು ಬೂಟ್‌ನದ್ದು ಮಾತ್ರ ಕೊಟ್ಟರೆ ಏನೂ ಗೊತ್ತಾಗಲ್ಲ, ಎರಡರ ನಡುವಿನ ವ್ಯತ್ಯಾಸವೇ ಮುಖ್ಯ.

(ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ ಅಂತ ಹೇಳಬೇಕಿಲ್ಲ ಅಲ್ವಾ. ವಿಳಾಸಗಳೆಲ್ಲ ಹೆಕ್ಸ್, ಕಮಾಂಡ್ ಕೊಡುವಾಗ ಮುಂದೆ ಸೊನ್ನೆ-ಎಕ್ಸ್ ಸೇರಿಸಿ.)

ಕಾರ್ಬನ್_ಕಾಪಿ:

ತಗೊಳ್ಳಿ.

ಸದ್ದು ಬಾರದ ಬೂಟ್: ಇಂಟರಪ್ಟ್ಸ್‌ನಲ್ಲಿ 7ರ ಮುಂದೆ "ಎಕ್ಸ್‌ಟಿ-ಪಿಐಸಿ ಪಾರ್‌ಪೋರ್ಟ್0" ಅಂತಿದೆ. ಡಿಎಂಎಯಲ್ಲಿ 3ರ ಮುಂದೆ ಪಾರ್‌ಪೋರ್ಟ್0. ಡಿಮೆಸೇಜ್ ಹೇಳುವುದು: ಪಾರ್‌ಪೋರ್ಟ್0, ವಿಳಾಸ 378, ಐಆರ್‌ಕ್ಯು 7, ಡಿಎಂಎ 3, ಬ್ರಾಕೆಟ್‌ನಲ್ಲಿ ಇಸಿಪಿ (ಪೋರ್ಟ್‌ನ ವೇಗದ ಮೋಡ್) ಇತ್ಯಾದಿ. ಅದರ ಕೆಳಗೆ ಎಸ್‌ಬಿ16ನಿಂದ "ಐಆರ್‌ಕ್ಯು 7 ಹಿಡಿಯಲು ಆಗಲಿಲ್ಲ" ಅನ್ನುವ ಅರ್ಥದ ಸಾಲು.

ಸದ್ದು ಬಂದ ಬೂಟ್: 7ರ ಮುಂದೆ ಸೌಂಡ್‌ಬ್ಲಾಸ್ಟರ್. ಡಿಎಂಎಯಲ್ಲಿ 1 ಮತ್ತು 5ರ ಮುಂದೆಯೂ ಅದೇ. ಪಾರ್‌ಪೋರ್ಟ್ ಬಗ್ಗೆ ಡಿಮೆಸೇಜ್‌ನಲ್ಲಿ "ಐಆರ್‌ಕ್ಯು 7 ಬಳಕೆಯಲ್ಲಿದೆ, ಪೋಲಿಂಗ್‌ಗೆ ಇಳಿಯುತ್ತಿದ್ದೇನೆ" ಅನ್ನುವಂತೆ ಒಂದು ಎಚ್ಚರಿಕೆ.

ಸೌಂಡ್ ಕಾರ್ಡ್‌ನ ಸಾಲನ್ನು ಮಾಡ್ಯೂಲ್ಸ್ ಫೈಲ್‌ಗೆ (ಬೂಟ್‌ನಲ್ಲಿ ಲೋಡ್ ಆಗುವ ಡ್ರೈವರ್‌ಗಳ ಪಟ್ಟಿ) ನಾನೇ ಸೇರಿಸಿದ್ದು. ಆಪ್ಷನ್ಸ್: ಪೋರ್ಟ್ 220, ಐಆರ್‌ಕ್ಯು 7, ಡಿಎಂಎ8 1, ಡಿಎಂಎ16 5. ಜಂಪರ್ ಹಾಗೇ ಇತ್ತು, ಹಾಗೇ ಬರೆದೆ.

ಜಂಪರ್_ಮಾಮ:

ಒಂದೇ ಪ್ರಶ್ನೆ. ಸದ್ದು ಬಂದ ಬೂಟ್‌ಗಳಲ್ಲಿ ಪ್ರಿಂಟ್ ಹೇಗೆ ಬರುತ್ತಿತ್ತು?

ಕಾರ್ಬನ್_ಕಾಪಿ:

ಎಂದಿನ ಹಾಗೇ. ಪ್ರಿಂಟರ್ ಯಾವತ್ತೂ ತೊಂದರೆ ಕೊಟ್ಟಿಲ್ಲ. ಹೋಗುವುದು ಸೌಂಡ್ ಮಾತ್ರ.

ಜಂಪರ್_ಮಾಮ:

ಹಾಗಾದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದನ್ನು ಓದುವ ಇನ್ನೊಬ್ಬರಿಗೂ ಉಪಯೋಗ ಆಗಲಿ.

1981ರ ಐಬಿಎಂ ಪಿಸಿಯಲ್ಲಿ ಇಂಟರಪ್ಟ್ ನೋಡಿಕೊಳ್ಳಲು 8259 ಅನ್ನುವ ಒಂದೇ ಚಿಪ್ ಇತ್ತು. ಎಂಟು ಲೈನ್, ಅಷ್ಟೇ. 1984ರ ಎಟಿಯಲ್ಲಿ ಎರಡನೇ ಚಿಪ್ ಸೇರಿಸಿದರು. ಅದನ್ನು ಮೊದಲನೆಯದರ 2ನೇ ಲೈನ್‌ಗೆ ತಗುಲಿಸಿದ್ದರಿಂದ ಬಳಸಲು ಸಿಕ್ಕಿದ್ದು 15. ಗಡಿಯಾರ, ಕೀಬೋರ್ಡ್, ಸೀರಿಯಲ್ ಪೋರ್ಟ್, ಫ್ಲಾಪಿ, ಡಿಸ್ಕ್ ಎಲ್ಲಾ ತಮ್ಮ ಪಾಲು ತಗೊಂಡ ಮೇಲೆ ಆಡ್‌-ಆನ್ ಕಾರ್ಡ್‌ಗಳಿಗೆ ಉಳಿಯುವುದು ಕಡಿಮೆ. ಮೊದಲ ಪ್ಯಾರಲಲ್ ಪೋರ್ಟ್ 378ನೇ ವಿಳಾಸದಲ್ಲಿ ಐಆರ್‌ಕ್ಯು 7. ಎರಡನೆಯದು 278ರಲ್ಲಿ ಐಆರ್‌ಕ್ಯು 5. 1989ರಲ್ಲಿ ಸೌಂಡ್ ಬ್ಲಾಸ್ಟರ್ ಬಂತು. ಅದು 8 ಬಿಟ್ ಕಾರ್ಡ್, ಮೇಲಿನ ಲೈನ್‌ಗಳು ಆ ಸ್ಲಾಟ್‌ಗೆ ಬರುವುದೇ ಇಲ್ಲ. ಅದಕ್ಕೆ ಡೀಫಾಲ್ಟ್ 7 ಅಂತ ಇಟ್ಟರು. ಆಮೇಲಿನ ಕಾರ್ಡ್‌ಗಳಲ್ಲಿ 5 ರೂಢಿಯಾಯಿತು.

ಪ್ರಿಂಟರ್ ಪೋರ್ಟ್‌ನ ಲೈನನ್ನೇ ಸೌಂಡ್ ಕಾರ್ಡ್‌ಗೆ ಕೊಟ್ಟರೂ ಆಗ ಯಾಕೆ ಗಲಾಟೆ ಆಗಲಿಲ್ಲ? ಯಾಕಂದ್ರೆ ಡಾಸ್ ಪ್ರಿಂಟ್ ಮಾಡುವಾಗ ಇಂಟರಪ್ಟ್ ಬಳಸುತ್ತಲೇ ಇರಲಿಲ್ಲ. "ನೀನು ಖಾಲಿ ಇದ್ದೀಯಾ?" ಅಂತ ಪೋರ್ಟ್‌ನ ಸ್ಟೇಟಸ್ ರಿಜಿಸ್ಟರನ್ನು ಕೇಳುತ್ತಾ ಒಂದೊಂದೇ ಬೈಟ್ ಕಳಿಸುತ್ತಿತ್ತು. ಅದೇ ಪೋಲಿಂಗ್. 7 ಅನ್ನುವುದು ಕಾಗದದ ಮೇಲೆ ಪ್ರಿಂಟರ್‌ನದ್ದು, ಬಳಕೆಯಲ್ಲಿ ಯಾರದ್ದೂ ಅಲ್ಲ. ಪೋರ್ಟ್‌ನ ಕಂಟ್ರೋಲ್ ರಿಜಿಸ್ಟರ್‌ನಲ್ಲಿ ಇಂಟರಪ್ಟ್‌ಗೆ ಅನುಮತಿ ಕೊಡುವ ಒಂದು ಬಿಟ್ ಇರುತ್ತದೆ. ಅದು ಆಫ್ ಇದ್ದರೆ ಸಾಮಾನ್ಯವಾಗಿ ಪೋರ್ಟ್ ಆ ಲೈನ್ ತಂಟೆಗೆ ಹೋಗುವುದಿಲ್ಲ.

ನಿಮ್ಮ ಲಿನಕ್ಸ್‌ನಲ್ಲಿ ಆಗುತ್ತಿರುವುದು: ಪಾರ್‌ಪೋರ್ಟ್_ಪಿಸಿ ಮಾಡ್ಯೂಲ್‌ಗೆ ಬಯಾಸ್ "ನಿನ್ನದು 378, ಐಆರ್‌ಕ್ಯು 7, ಡಿಎಂಎ 3" ಅಂತ ಪ್ಲಗ್ ಆಂಡ್ ಪ್ಲೇ ಮೂಲಕ ಹೇಳುತ್ತದೆ. ಅದು ಶಿಸ್ತಾಗಿ 7 ಹಿಡಿದುಕೊಳ್ಳುತ್ತದೆ. ಸೌಂಡ್ ಮಾಡ್ಯೂಲ್ ಕೂಡ 7 ಕೇಳುತ್ತದೆ. ಬೂಟ್ ಸಮಯದಲ್ಲಿ ಯುಡೆವ್ (ಸಾಧನ ಕಂಡಾಗ ಡ್ರೈವರ್ ಹಾಕಿಸುವ ಪ್ರೋಗ್ರಾಮ್) ಒಂದು ಕಡೆಯಿಂದ, ಮಾಡ್ಯೂಲ್ಸ್ ಫೈಲ್ ಓದುವ ಸರ್ವಿಸ್ ಇನ್ನೊಂದು ಕಡೆಯಿಂದ, ಎರಡೂ ಒಟ್ಟಿಗೇ ಓಡುತ್ತವೆ. ಮೊದಲು ಬಂದವರಿಗೆ ಲೈನ್. ಅದಕ್ಕೇ ನಿಮಗೆ ಒಂದು ಸಲ ಹೀಗೆ, ಒಂದು ಸಲ ಹಾಗೆ.

ಆದರೆ ಸೋತಾಗ ಇಬ್ಬರೂ ನಡೆದುಕೊಳ್ಳುವ ರೀತಿ ಬೇರೆ. ಪ್ಯಾರಲಲ್ ಪೋರ್ಟ್ ಡ್ರೈವರ್ ಲೈನ್ ಸಿಗದಿದ್ದರೆ ಗೊಣಗಿಕೊಂಡು ಪೋಲಿಂಗ್‌ಗೆ ಹೋಗುತ್ತದೆ, ಪ್ರಿಂಟ್ ಬರುತ್ತಲೇ ಇರುತ್ತದೆ. ಸೌಂಡ್ ಡ್ರೈವರ್‌ಗೆ ಆ ಅನುಕೂಲ ಇಲ್ಲ. ಬಫರ್ ಖಾಲಿಯಾಯಿತು ಅಂತ ಕಾರ್ಡ್ ಹೇಳುವುದೇ ಇಂಟರಪ್ಟ್ ಮೂಲಕ. ಅದಿಲ್ಲದಿದ್ದರೆ ಅದು ಲೋಡೇ ಆಗುವುದಿಲ್ಲ. ಹಾಗಾಗಿ 7ನ್ನು ಸೌಂಡ್ ಕಾರ್ಡ್‌ಗೆ ಬಿಟ್ಟುಕೊಡಿ. ಪ್ರಿಂಟರ್‌ಗೆ ಅದು ಬೇಕೇ ಇಲ್ಲ.

ಕರ್ನಲ್_ಕುತೂಹಲಿ:

ಇಷ್ಟೆಲ್ಲ ಯಾಕೆ? ಐಆರ್‌ಕ್ಯು ಶೇರ್ ಆಗುತ್ತದೆ ಅಲ್ವಾ. ನನ್ನ ಮೆಷಿನ್‌ನಲ್ಲಿ ಗ್ರಾಫಿಕ್ಸ್, ಯುಎಸ್‌ಬಿ, ನೆಟ್‌ವರ್ಕ್ ಎಲ್ಲಾ ಒಂದೇ ನಂಬರ್ ಮೇಲೆ ಕೂತಿವೆ, ಯಾರೂ ಜಗಳ ಆಡಿಲ್ಲ.

ಜಂಪರ್_ಮಾಮ:

ಅದು ಪಿಸಿಐ. ಪಿಸಿಐನಲ್ಲಿ ಇಂಟರಪ್ಟ್ ಲೆವೆಲ್-ಟ್ರಿಗರ್ಡ್. ಸಾಧನ ಲೈನನ್ನು ಕೆಳಗೆ ಎಳೆದು ಹಿಡಿದುಕೊಂಡೇ ಇರುತ್ತದೆ, ಡ್ರೈವರ್ ಬಂದು ಕೆಲಸ ಮುಗಿಸಿದ ಮೇಲೆ ಬಿಡುತ್ತದೆ. ಇಬ್ಬರು ಒಟ್ಟಿಗೆ ಎಳೆದರೂ ಪರವಾಗಿಲ್ಲ. ಒಬ್ಬನ ಕೆಲಸ ಮುಗಿದರೂ ಲೈನ್ ಇನ್ನೂ ಕೆಳಗೇ ಇರುವುದರಿಂದ ಕರ್ನಲ್ ಇನ್ನೊಬ್ಬನನ್ನು ಹುಡುಕುತ್ತದೆ. ಐಎಸ್‌ಎಯಲ್ಲಿ ಎಡ್ಜ್-ಟ್ರಿಗರ್ಡ್. ಲೈನ್ ಮೇಲಕ್ಕೆ ಏರಿದ ಆ ಕ್ಷಣ ಮಾತ್ರ ಲೆಕ್ಕ. ಬಾಗಿಲು ಒಮ್ಮೆ ತಟ್ಟಿ ಸುಮ್ನೆ ನಿಂತ ಹಾಗೆ. ಅದೇ ಹೊತ್ತಿಗೆ ಇನ್ನೊಬ್ಬ ತಟ್ಟಿದರೆ ಎರಡನೆಯದು ಕೇಳಿಸುವುದೇ ಇಲ್ಲ. ಜೊತೆಗೆ ಐಎಸ್‌ಎ ಕಾರ್ಡ್‌ಗಳು ಲೈನನ್ನು ಎರಡೂ ದಿಕ್ಕಿಗೆ ತಳ್ಳುತ್ತವೆ. ಒಂದು ಮೇಲೆ ತಳ್ಳುವಾಗ ಇನ್ನೊಂದು ಕೆಳಗೆ ತಳ್ಳುತ್ತಿದ್ದರೆ ಸಿಗ್ನಲ್ಲೇ ನೆಟ್ಟಗಿರಲ್ಲ. ಅದಕ್ಕೇ ಈ ಎರಡು ಡ್ರೈವರ್‌ಗಳೂ ಲೈನ್ ಕೇಳುವಾಗ ಹಂಚಿಕೊಳ್ಳುತ್ತೇನೆ ಅಂತ ಹೇಳುವುದಿಲ್ಲ.

ಟರ್ಮಿನಲ್_ತಿಮ್ಮ:

ಮಾಮ ಹೇಳುವುದು ಸರಿ, ಆದರೆ ನನಗೆ ಆ ದಾರಿ ಅಷ್ಟು ಇಷ್ಟ ಇಲ್ಲ. ಕಾರ್ಡ್‌ನ ಜಂಪರ್ 5ಕ್ಕೋ 10ಕ್ಕೋ ಹಾಕಿ, ಮುಗೀತು. ಯಾರ ಬಾಯಿಂದಲೂ ಕಿತ್ತುಕೊಳ್ಳಬೇಕಾಗಿಲ್ಲ. ಪೋಲಿಂಗ್ ಅಂದ್ರೆ ಸಿಪಿಯು ಸುಮ್ನೆ ಕಾಯುತ್ತಾ ಕೂರುವುದು. ಹಳೇ ಮೆಷಿನ್‌ನಲ್ಲಿ ಅದು ದುಬಾರಿ.

ಕಾರ್ಬನ್_ಕಾಪಿ:

ತಿಮ್ಮ ಅವರು ಹೇಳಿದ ಹಾಗೆ ಜಂಪರ್ 5ಕ್ಕೆ ಹಾಕಿದೆ. ಮಾಡ್ಯೂಲ್ ಆಪ್ಷನ್‌ನಲ್ಲೂ ಬದಲಾಯಿಸಿದೆ. ಈಗ ಸೌಂಡ್ ಯಾವ ಬೂಟ್‌ನಲ್ಲೂ ಬರುತ್ತಿಲ್ಲ! "ಐಆರ್‌ಕ್ಯು 5 ಹಿಡಿಯಲು ಆಗಲಿಲ್ಲ" ಅನ್ನುತ್ತದೆ. ಇಂಟರಪ್ಟ್ಸ್‌ನಲ್ಲಿ 5ರ ಮುಂದೆ ಇಟಿಎಚ್0 ಅಂತ ಇದೆ. ಅದು ಪಿಸಿಐ ನೆಟ್‌ವರ್ಕ್ ಕಾರ್ಡ್. 10 ಅನ್ನುವ ಆಯ್ಕೆ ಈ ಕಾರ್ಡ್‌ನಲ್ಲಿ ಇದ್ದಂತಿಲ್ಲ. ಬೋರ್ಡ್ ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿದೆ.

ಟರ್ಮಿನಲ್_ತಿಮ್ಮ:

ಬಯಾಸ್‌ಗೆ ಜಂಪರ್ ಕಾರ್ಡ್ ಇದೆ ಅಂತ ಗೊತ್ತಾಗುವುದಿಲ್ಲ, ಅದಕ್ಕೇ 5 ಖಾಲಿ ಇದೆ ಅಂದುಕೊಂಡು ಪಿಸಿಐಗೆ ಕೊಟ್ಟಿದೆ. ಬಯಾಸ್‌ನ ಪಿಎನ್‌ಪಿ/ಪಿಸಿಐ ಪುಟಕ್ಕೆ ಹೋಗಿ. ಐಆರ್‌ಕ್ಯು 5ರ ಮುಂದೆ "ಲೆಗಸಿ ಐಎಸ್‌ಎ" ಅಥವಾ "ರಿಸರ್ವ್ಡ್" ಅಂತ ಇಡಿ. ಆಮೇಲೆ ನೆಟ್‌ವರ್ಕ್ ಕಾರ್ಡ್ ಬೇರೆ ನಂಬರ್‌ಗೆ ಹೋಗುತ್ತದೆ, ಅದಕ್ಕೆ ಎಲ್ಲಿ ಕೂತರೂ ಆಗುತ್ತದೆ. ಅದೇ ಪುಟದಲ್ಲಿ "ಪಿಎನ್‌ಪಿ ಓಎಸ್ ಇನ್‌ಸ್ಟಾಲ್ಡ್" ಅನ್ನುವುದಕ್ಕೆ "ನೋ" ಕೊಡಿ.

ಜಂಪರ್_ಮಾಮ:

ಅದೂ ನಡೆಯುತ್ತದೆ. ಆದರೆ ಇಂಥ ಮೆಷಿನ್‌ನಲ್ಲಿ ಬಯಾಸ್ ಸೆಟ್ಟಿಂಗ್ ನಂಬಿಕೊಂಡು ಕೂರುವುದು ನನಗೆ ಒಪ್ಪಿಗೆ ಇಲ್ಲ. ಬೋರ್ಡ್ ಮೇಲಿನ ಬಟನ್ ಸೆಲ್ ಸತ್ತ ದಿನ ಎಲ್ಲ ಸೆಟ್ಟಿಂಗ್ ಹೋಗುತ್ತದೆ. ಆಗ ಮತ್ತೆ "ನಾನೇನೂ ಮುಟ್ಟಿಲ್ಲ, ಸದ್ದು ಹೋಯಿತು" ಅಂತ ಇಲ್ಲಿಗೇ ಬರುತ್ತೀರಿ. ಡಿಸ್ಕ್ ಮೇಲಿನ ಒಂದು ಸಾಲು ಹಾಗೆ ಹೋಗುವುದಿಲ್ಲ.

ಸಿಪಿಯು ವಿಷಯ: ಡಾಟ್ ಮ್ಯಾಟ್ರಿಕ್ಸ್ ಸೆಕೆಂಡಿಗೆ ಕೆಲವು ನೂರು ಅಕ್ಷರ ಬಡಿಯುತ್ತದೆ. ಬಫರ್ ತುಂಬಿದಾಗ ಎಲ್‌ಪಿ (ಪ್ರಿಂಟರ್) ಡ್ರೈವರ್ ಸ್ವಲ್ಪ ಹೊತ್ತು ಪ್ರಯತ್ನಿಸಿ ಮಲಗುತ್ತದೆ, ಎದ್ದು ಮತ್ತೆ ನೋಡುತ್ತದೆ. ಇಡೀ ಹೊತ್ತು ಸುತ್ತುತ್ತಾ ಇರುವುದಿಲ್ಲ. ಪೆಂಟಿಯಮ್ 3ಗೆ ಇದು ಲೆಕ್ಕಕ್ಕಿಲ್ಲ. ಪ್ಯಾರಲಲ್ ಪೋರ್ಟ್‌ನಲ್ಲಿ ಲೇಸರ್ ಪ್ರಿಂಟರ್ ಇಟ್ಟುಕೊಂಡು ಪುಟಗಟ್ಟಲೆ ಚಿತ್ರ ಕಳಿಸುವವರಾದರೆ ತಿಮ್ಮನ ಮಾತು ನಾನೂ ಒಪ್ಪುತ್ತಿದ್ದೆ.

ಜಂಪರ್ ವಾಪಸ್ 7ಕ್ಕೆ ಹಾಕಿ. ಮೋಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಒಂದು ಕಾನ್ಫ್ ಫೈಲ್ ಮಾಡಿ, ಅದರಲ್ಲಿ: ಆಪ್ಷನ್ಸ್ ಪಾರ್‌ಪೋರ್ಟ್_ಪಿಸಿ ಐಆರ್‌ಕ್ಯು=ನನ್. (ನನ್ ಅಂದ್ರೆ ಇಂಗ್ಲಿಷ್‌ನ "ಯಾವುದೂ ಬೇಡ".)

ಕಾರ್ಬನ್_ಕಾಪಿ:

ಮಾಡಿದೆ, ರೀಬೂಟ್ ಕೂಡ ಮಾಡಿದೆ. ಡಿಮೆಸೇಜ್‌ನಲ್ಲಿ ಇನ್ನೂ ಐಆರ್‌ಕ್ಯು 7, ಡಿಎಂಎ 3 ಅಂತಲೇ ಬರುತ್ತಿದೆ. ಆ ಸಾಲನ್ನು ಓದೇ ಇಲ್ಲವೇನೋ ಅನ್ನುವ ಹಾಗೆ.

ಸುಮ್ನೆ_ಓದುಗ:

ಮಧ್ಯೆ ಬಂದಿದ್ದಕ್ಕೆ ಬೇಸರ ಮಾಡ್ಕೋಬೇಡಿ. ಆ ಮಾಡ್ಯೂಲ್‌ನ ಸೋರ್ಸ್ ಕೋಡ್ ಒಮ್ಮೆ ನೋಡಿದ್ದೆ. ನೀವು ವಿಳಾಸ ಕೊಡದಿದ್ದರೆ ಅದು ಪೋರ್ಟ್‌ಗಳನ್ನು ತಾನೇ ಹುಡುಕುತ್ತದೆ. ಹುಡುಕುವಾಗ ಪ್ಲಗ್ ಆಂಡ್ ಪ್ಲೇ ಹೇಳಿದ ಐಆರ್‌ಕ್ಯು ತಗೊಳ್ಳುತ್ತದೆ. ನೀವು ಬರೆದ ನನ್ ಆ ದಾರಿಗೆ ಅನ್ವಯಿಸುವುದೇ ಇಲ್ಲ. ವಿಳಾಸ ಕೊಟ್ಟರೆ ಮಾತ್ರ "ಬಳಕೆದಾರ ಹೇಳಿದ ಪೋರ್ಟ್ ಮಾತ್ರ ನೋಡು" ಅನ್ನುವ ದಾರಿ ಹಿಡಿಯುತ್ತದೆ. ಆಗ ನನ್ ಕೆಲಸ ಮಾಡುತ್ತದೆ. ಸಾಲು ಹೀಗಿರಲಿ: ಆಪ್ಷನ್ಸ್ ಪಾರ್‌ಪೋರ್ಟ್_ಪಿಸಿ ಐಓ=378 ಐಆರ್‌ಕ್ಯು=ನನ್.

ಇನ್ನೊಂದು ಉಪಯೋಗವೂ ಇದೆ. ಐಆರ್‌ಕ್ಯು ಇಲ್ಲ ಅಂದ ತಕ್ಷಣ ಆ ಡ್ರೈವರ್ ಇಸಿಪಿಯ ಫಿಫೋ (ಪೋರ್ಟ್ ಒಳಗಿನ ಬಫರ್) ಬಿಡುತ್ತದೆ, ಡಿಎಂಎ ಚಾನೆಲ್ಲನ್ನೂ ಬಿಡುತ್ತದೆ. ಕೋಡ್‌ನಲ್ಲೇ "ಡಿಎಂಎ ಬಳಸಲು ಆಗಲ್ಲ ಬಿಡು" ಅನ್ನುವ ಅರ್ಥದ ಒಂದು ಟಿಪ್ಪಣಿ ಇದೆ.

ಜಂಪರ್_ಮಾಮ:

ಚೆನ್ನಾಗಿ ಹೇಳಿದಿರಿ. ಕಾರ್ಬನ್ ಅವರೇ, ರೀಬೂಟ್ ಬೇಡ. ಕಪ್ಸ್ ನಿಲ್ಲಿಸಿ. ಎಲ್‌ಪಿ, ಪಿಪಿಡೆವ್, ಪಾರ್‌ಪೋರ್ಟ್_ಪಿಸಿ ಈ ಕ್ರಮದಲ್ಲಿ ಮೋಡ್‌ಪ್ರೋಬ್ ಮೈನಸ್ ಆರ್ ಕೊಟ್ಟು ತೆಗೆಯಿರಿ. ಆಮೇಲೆ ಸೌಂಡ್ ಮಾಡ್ಯೂಲ್ ಹಾಕಿ, ಕೊನೆಗೆ ಪಾರ್‌ಪೋರ್ಟ್_ಪಿಸಿ ಮತ್ತು ಎಲ್‌ಪಿ. ಪಿಪಿಡೆವ್ ಮರೆಯಬೇಡಿ, ಅದು ಒಳಗೆ ಕೂತಿದ್ದರೆ "ಬಳಕೆಯಲ್ಲಿದೆ" ಅಂತ ಬೈಯುತ್ತದೆ.

ಕಾರ್ಬನ್_ಕಾಪಿ:

ಬಂತು! ಡಿಮೆಸೇಜ್‌ನಲ್ಲಿ ಪಾರ್‌ಪೋರ್ಟ್0 ಸಾಲಿನಲ್ಲಿ ಈಗ ಬರೀ 378 ಇದೆ. ಐಆರ್‌ಕ್ಯು ಅನ್ನುವ ಮಾತೇ ಇಲ್ಲ, ಬ್ರಾಕೆಟ್‌ನಿಂದ ಇಸಿಪಿಯೂ ಹೋಗಿದೆ. ಸೌಂಡ್ 7ರಲ್ಲಿ ಕೂತಿದೆ. ಪ್ರಿಂಟ್ ಕೊಟ್ಟು ಅದೇ ಹೊತ್ತಿಗೆ ಹಾಡು ಹಾಕಿದೆ. ಎರಡೂ ನಡೆಯುತ್ತಿವೆ, ಸದ್ದು ಕಡಿಯುತ್ತಿಲ್ಲ. ಪ್ರಿಂಟ್ ವೇಗ ಮೊದಲಿನಷ್ಟೇ.

ಒಂದು ಅನುಮಾನ. ಲಾಗ್‌ನಲ್ಲಿ ಯಾವಾಗಲೋ ಒಮ್ಮೆ "ಸ್ಪ್ಯೂರಿಯಸ್ 8259ಎ ಇಂಟರಪ್ಟ್: ಐಆರ್‌ಕ್ಯು7" ಅಂತ ಬಂದಿದೆ. ಇದು ಪ್ರಿಂಟರ್ ಇನ್ನೂ 7ನ್ನು ಕೆಣಕುತ್ತಿದೆ ಅಂತಲಾ?

ಜಂಪರ್_ಮಾಮ:

ಅಲ್ಲ. ಯಾವುದೋ ಲೈನ್ ಮಿನುಗಿ, ಚಿಪ್ "ಯಾರದು?" ಅಂತ ನೋಡುವಷ್ಟರಲ್ಲಿ ಮಾಯವಾದರೆ 8259ಗೆ ಏನಾದರೂ ಒಂದು ನಂಬರ್ ಹೇಳಲೇಬೇಕು. ಅದು ತನ್ನ ಕೊನೆಯ ಲೈನ್ ನಂಬರ್ ಹೇಳುತ್ತದೆ, ಅಂದ್ರೆ 7. ಮಿನುಗಿದ್ದು ಬೇರೆ ಯಾವುದೋ ಲೈನ್ ಆಗಿರಬಹುದು. ಅಪರೂಪಕ್ಕೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಇಂಟರಪ್ಟ್ಸ್ ಫೈಲ್‌ನ ಕೊನೆಯಲ್ಲಿ ಇಆರ್‌ಆರ್ ಅನ್ನುವ ಎಣಿಕೆ ಇರುತ್ತದೆ. ಅದು ಸುಮ್ನೆ ಏರುತ್ತಲೇ ಇದ್ದರೆ ಆಗ ನೋಡೋಣ.

ರಾತ್ರಿಪಾಳಿ:

ಇಲ್ಲಿಗೆ ಬಂದ ಮೇಲೆ ನನ್ನ ಹಳೇ ತೊಂದರೆಯೂ ನೆನಪಾಯಿತು. ನನ್ನದು ಐಆರ್‌ಕ್ಯು ಬೇರೆ ಬೇರೆ ಇತ್ತು, ಪೋರ್ಟ್ 7, ಸೌಂಡ್ 5. ಡ್ರೈವರ್ ಎರಡೂ ಲೋಡ್ ಆಗುತ್ತಿದ್ದವು, ಆದರೆ ಹಾಡಿನ ಮೊದಲ ತುಣುಕು ಮಾತ್ರ ಪದೇ ಪದೇ ಬರುತ್ತಿತ್ತು. ಅದು ಯಾಕೆ?

ಜಂಪರ್_ಮಾಮ:

ಒಂದೇ ತುಣುಕು ಸುತ್ತುತ್ತಿದ್ದರೆ ಡಿಎಂಎ ಸರಿ ಇದೆ, ಐಆರ್‌ಕ್ಯು ತಲುಪುತ್ತಿಲ್ಲ ಅಂತ ಅರ್ಥ. ಡಿಎಂಎ ಬಫರನ್ನು ಸುತ್ತಿಸುತ್ತಾ ನುಡಿಸುತ್ತಿರುತ್ತದೆ, ಹೊಸದು ತುಂಬಿಸು ಅಂತ ಡ್ರೈವರ್‌ಗೆ ಯಾರೂ ಹೇಳುವುದಿಲ್ಲ. ಜಂಪರ್ ಒಂದು ನಂಬರ್, ಆಪ್ಷನ್‌ನಲ್ಲಿ ಇನ್ನೊಂದು ನಂಬರ್ ಇದ್ದರೆ ಹೀಗೇ ಆಗುತ್ತದೆ. ಪೂರ್ತಿ ಮೌನ ಅಥವಾ ಬರೀ ಕರಕರ ಇದ್ದರೆ ಮೊದಲು ಡಿಎಂಎ ನಂಬರ್ ಮೇಲೆ ಅನುಮಾನ ಪಡಿ.

ಡಿಎಂಎಯಲ್ಲೂ ಇದೇ ಜಗಳ ಉಂಟು. ಇಸಿಪಿ ಪೋರ್ಟ್‌ಗೆ ಬಯಾಸ್ ಸಾಮಾನ್ಯವಾಗಿ 3 ಕೊಡುತ್ತದೆ, ಕೆಲವು ಬೋರ್ಡ್‌ಗಳಲ್ಲಿ 1ಕ್ಕೆ ಇಡಬಹುದು. ಸೌಂಡ್ ಬ್ಲಾಸ್ಟರ್‌ನ 8 ಬಿಟ್ ಡಿಎಂಎ ಕೂಡ ರೂಢಿಯಲ್ಲಿ 1. ಪೋರ್ಟನ್ನು ಎಸ್‌ಪಿಪಿ ಅಥವಾ ಇಪಿಪಿ ಮೋಡ್‌ಗೆ ಇಳಿಸಿದರೆ ಡಿಎಂಎ ಪ್ರಶ್ನೆಯೇ ಇಲ್ಲ.

ಮಿಕ್ಸರ್_ಮನೆ:

ನನ್ನದು ಹೊಸ ಮೆಷಿನ್, ಆದರೂ ಇದೇ ದೂರು. ಪ್ರಿಂಟರ್ ಯುಎಸ್‌ಬಿ, ಸೌಂಡ್ ಕಾರ್ಡ್ ಯುಎಸ್‌ಬಿ, ಎರಡೂ ಒಂದೇ ಹಬ್‌ನಲ್ಲಿ. ದೊಡ್ಡ ಪಿಡಿಎಫ್ ಪ್ರಿಂಟ್ ಕೊಟ್ಟರೆ ಸದ್ದು ಪಟಪಟ ಅನ್ನುತ್ತದೆ. ನನಗೂ ಐಆರ್‌ಕ್ಯು ಬದಲಾಯಿಸಬೇಕಾ?

ಸುಮ್ನೆ_ಓದುಗ:

ಇಲ್ಲ. ಯುಎಸ್‌ಬಿಯಲ್ಲಿ ಪ್ರಿಂಟರ್‌ಗೂ ಸೌಂಡ್ ಕಾರ್ಡ್‌ಗೂ ಸ್ವಂತ ಐಆರ್‌ಕ್ಯು ಅನ್ನುವುದೇ ಇರಲ್ಲ, ಇರುವುದು ಕಂಟ್ರೋಲರ್‌ಗೆ. ಇಲ್ಲಿ ಹಂಚಿಕೆ ಸಮಯದ್ದು. ಆಡಿಯೋ ಹೋಗುವುದು ಐಸೋಕ್ರೋನಸ್ ರೀತಿಯಲ್ಲಿ, ಅಂದ್ರೆ ಅದರ ಪಾಲು ಮೊದಲೇ ಕಾದಿರಿಸಿರುತ್ತದೆ. ಪ್ರಿಂಟ್ ಹೋಗುವುದು ಬಲ್ಕ್ ರೀತಿಯಲ್ಲಿ, ಉಳಿದ ಜಾಗದಲ್ಲಿ. 48 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ ಅಂದ್ರೆ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್. ಫುಲ್ ಸ್ಪೀಡ್ ಯುಎಸ್‌ಬಿಯ 12 ಮೆಗಾಬಿಟ್‌ನಲ್ಲೂ ಅದಕ್ಕೆ ಧಾರಾಳ ಜಾಗ ಇದೆ. ಹಾಗಾಗಿ ಪ್ರಿಂಟ್ ಡೇಟಾ ಆಡಿಯೋವನ್ನು ತಳ್ಳಿಹಾಕುವುದು ಅಪರೂಪ. ಜಾಗ ಸಾಲದಿದ್ದರೆ ಡ್ರೈವರ್ ಶುರುವಿನಲ್ಲೇ ಎರರ್ ಮೈನಸ್ 28, ಬ್ಯಾಂಡ್‌ವಿಡ್ತ್ ಸಾಲದು ಅಂತ ನಿಂತುಬಿಡುತ್ತದೆ. ಮಧ್ಯದಲ್ಲಿ ಪಟಪಟ ಅನ್ನುವುದಿಲ್ಲ.

ನನ್ನ ಅನುಮಾನ ಸಿಪಿಯು ಮೇಲೆ. ಪಿಡಿಎಫನ್ನು ಪ್ರಿಂಟರ್ ಭಾಷೆಗೆ ತಿರುಗಿಸುವ ಕಪ್ಸ್ ಫಿಲ್ಟರ್‌ಗಳು ಸಿಪಿಯು ತಿನ್ನುತ್ತವೆ. ಅದೇ ಹೊತ್ತಿಗೆ ಆಡಿಯೋ ಬಫರ್ ತುಂಬುವವನು ತಡ ಮಾಡುತ್ತಾನೆ. ಹೀಗೆ ಪರೀಕ್ಷಿಸಿ: ಕಪ್ಸ್‌ಫಿಲ್ಟರ್ ಕಮಾಂಡ್‌ಗೆ ನಿಮ್ಮ ಪ್ರಿಂಟರ್‌ನ ಪಿಪಿಡಿ (ಪ್ರಿಂಟರ್ ವಿವರ ಇರುವ ಫೈಲ್) ಮತ್ತು ಅದೇ ಪಿಡಿಎಫ್ ಕೊಟ್ಟು, ಫಲಿತಾಂಶವನ್ನು ಒಂದು ಫೈಲ್‌ಗೆ ಬರೆಸಿ. ಪ್ರಿಂಟರ್‌ಗೆ ಒಂದು ಬೈಟ್ ಕೂಡ ಹೋಗಬಾರದು. ಆಗಲೂ ಪಟಪಟ ಬಂದರೆ ಯುಎಸ್‌ಬಿ ನಿರಪರಾಧಿ.

ಮಿಕ್ಸರ್_ಮನೆ:

ಪ್ರಿಂಟರ್ ಸ್ವಿಚ್ ಆಫ್ ಮಾಡಿಯೇ ಪರೀಕ್ಷಿಸಿದೆ. ಫೈಲ್‌ಗೆ ಬರೆಯುವಾಗಲೂ ಪಟಪಟ! ಪಿಡಬ್ಲ್ಯು-ಟಾಪ್‌ನಲ್ಲಿ (ಆಡಿಯೋ ಸ್ಥಿತಿ ತೋರಿಸುವ ಕಮಾಂಡ್) ಇಆರ್‌ಆರ್ (ತಪ್ಪುಗಳ ಎಣಿಕೆ) ಕಾಲಂ ಕಣ್ಣೆದುರೇ ಏರುತ್ತದೆ. ಕ್ವಾಂಟಮ್ (ಒಂದು ಸಲಕ್ಕೆ ತುಂಬುವ ಸ್ಯಾಂಪಲ್‌ಗಳ ಸಂಖ್ಯೆ) 128 ಅಂತ ತೋರಿಸುತ್ತಿದೆ.

ಸುಮ್ನೆ_ಓದುಗ:

128 ಅಂದ್ರೆ 48 ಕಿಲೋಹರ್ಟ್ಸ್‌ನಲ್ಲಿ ಮೂರು ಮಿಲಿಸೆಕೆಂಡ್‌ಗೂ ಕಡಿಮೆ. ಪೈಪ್‌ವೈರ್‌ನ (ಲಿನಕ್ಸ್‌ನ ಆಡಿಯೋ ಸರ್ವರ್) ಡೀಫಾಲ್ಟ್ 1024, ಸುಮಾರು 21 ಮಿಲಿಸೆಕೆಂಡ್. ಯಾವುದೋ ಪ್ರೋಗ್ರಾಮ್ ಕಡಿಮೆ ಕೇಳಿದೆ. ರೆಕಾರ್ಡಿಂಗ್ ಮಾಡದಿದ್ದರೆ ಅದನ್ನು ಮುಚ್ಚಿ ಅಥವಾ ಕ್ವಾಂಟಮ್ ಏರಿಸಿ. ಕಪ್ಸ್‌ಡಿ ಕಾನ್ಫ್‌ನಲ್ಲಿ ಫಿಲ್ಟರ್‌ನೈಸ್ ಅನ್ನುವ ಸೆಟ್ಟಿಂಗ್ ಇದೆ, ಸೊನ್ನೆಯಿಂದ 10ಕ್ಕೆ ಏರಿಸಿದರೆ ಫಿಲ್ಟರ್‌ಗಳು ದಾರಿ ಬಿಡುತ್ತವೆ. ಪ್ರಿಂಟ್ ಸ್ವಲ್ಪ ತಡ ಆಗಬಹುದು.

ಕಾರ್ಬನ್_ಕಾಪಿ:

ರೀಬೂಟ್ ಮಾಡಿ ಮಾಡಿ ನೋಡಿದೆ, ಪ್ರತಿ ಸಲವೂ ಸೌಂಡ್ 7ರಲ್ಲಿ, ಪ್ರಿಂಟರ್ ಪೋಲಿಂಗ್‌ನಲ್ಲಿ. ಯಾರು ಮೊದಲು ಲೋಡ್ ಆದರೂ ಈಗ ಪರವಾಗಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಶುರುವಿಗೆ ಬೇಕಾದ ಫೈಲ್‌ಗಳ ಕಟ್ಟು) ಅಪ್‌ಡೇಟ್ ಮಾಡಬೇಕಿತ್ತಾ?

ಟರ್ಮಿನಲ್_ತಿಮ್ಮ:

ಪಾರ್‌ಪೋರ್ಟ್_ಪಿಸಿ ಅದರೊಳಗಿಂದ ಲೋಡ್ ಆಗುತ್ತಿದ್ದರೆ ಮಾತ್ರ. ನಿಮ್ಮಲ್ಲಿ ರೀಬೂಟ್ ಆದ ಮೇಲೂ ಸಾಲು ಹಿಡಿಯುತ್ತಿದೆ ಅಂದ ಮೇಲೆ ಬೇಕಿಲ್ಲ. ಕಪ್ಸ್ ಕೂಡ ಕೆಲವು ಡಿಸ್ಟ್ರೋಗಳಲ್ಲಿ ಎಲ್‌ಪಿ, ಪಿಪಿಡೆವ್, ಪಾರ್‌ಪೋರ್ಟ್_ಪಿಸಿ ಮೂರನ್ನೂ ತಾನೇ ಲೋಡ್ ಮಾಡುತ್ತದೆ. ಅದೂ ಮೋಡ್‌ಪ್ರೋಬ್.ಡಿ ಓದುವುದರಿಂದ ತೊಂದರೆ ಇಲ್ಲ. ಬಯಾಸ್‌ನಲ್ಲಿ ಪೋರ್ಟ್ ವಿಳಾಸ "ಆಟೋ" ಅಂತಿದ್ದರೆ ಅದನ್ನು 378ಕ್ಕೆ ಗಟ್ಟಿ ಮಾಡಿ. ನೀವೀಗ ಆ ವಿಳಾಸ ಬಿಟ್ಟು ಬೇರೆಲ್ಲೂ ನೋಡಬೇಡ ಅಂತ ಹೇಳಿದ್ದೀರಿ.

ಮಿಕ್ಸರ್_ಮನೆ:

ಹಿನ್ನೆಲೆಯಲ್ಲಿ ಒಂದು ಗಿಟಾರ್ ಎಫೆಕ್ಟ್ ಪ್ರೋಗ್ರಾಮ್ ಓಡುತ್ತಿತ್ತು, 128 ಕೇಳುತ್ತಿದ್ದುದು ಅದೇ. ಮುಚ್ಚಿದೆ, ಫಿಲ್ಟರ್‌ನೈಸ್ 10 ಇಟ್ಟೆ. ಅದೇ ಪಿಡಿಎಫ್, ಅದೇ ಹಬ್, ಈಗ ಸದ್ದು ಕಡಿಯುತ್ತಿಲ್ಲ. ಆ ಪ್ರೋಗ್ರಾಮ್ ಬಳಸುವಾಗಲೇ ಪ್ರಿಂಟ್ ಕೊಡಬೇಕಾದರೆ ಏನು ಮಾಡುವುದು ಅಂತ ಬೇರೆ ಚರ್ಚೆ ತೆರೆಯುತ್ತೇನೆ.